ರಂಗಮ್ಮನ ಹಲ್ಲುಬಿಗಿ ಚಾಕು

ಮಡಿಸುವ ಚಾಕು ಬೇಕೆಂದು ಯಾರಾದರೂ ಕುಲುಮೆಗೆ ಬಂದರೆ ನಮ್ಮ ಮನೆಯ ಯಜಮಾನರು ಮೊದಲು ಕೇಳುತ್ತಿದ್ದ ಮಾತು "ಯಾವ ಬಿಗಿ?" ಎಂಬುದು. ಉದ್ದ, ಹಿಡಿ, ಅಲಗು ಎಲ್ಲ ಆಮೇಲಿನ ಮಾತು.

ಅಲಗು ಹಿಡಿಗೆ ಸೇರುವ ಕಡೆ ಒಂದು ಮೊಳೆ ಇರುತ್ತದೆ. ಬಿಚ್ಚುವುದೂ ಮಡಿಸುವುದೂ ಅದರ ಮೇಲೆಯೇ ನಡೆಯಬೇಕು. ಮೊಳೆಯ ತಲೆಯನ್ನು ಸಣ್ಣ ಸುತ್ತಿಗೆಯಿಂದ ತಟ್ಟಿದಷ್ಟೂ ಚಾಕು ಬಿಗಿಯಾಗುತ್ತದೆ. ಎಷ್ಟು ತಟ್ಟಬೇಕು ಅನ್ನುವುದು ಇಟ್ಟುಕೊಳ್ಳುವವರ ಕೆಲಸ ನೋಡಿಕೊಂಡು ಹೇಳಬೇಕಾದ ಮಾತು. ಎಲೆ ಅಡಿಕೆ ಹಾಕುವ ಮುದುಕಿಯರು ಜಗಲಿಯಲ್ಲಿ ಕೂತೇ ಬಿಚ್ಚುವವರು, ಅವರಿಗೆ ಸಡಿಲ ಇರಬೇಕು. ಕೊಳ್ಳೇಗಾಲದ ಮಗ್ಗದವರು ನೂಲು ಕತ್ತರಿಸುವವರು, ಉಗುರು ಕೊಟ್ಟರೆ ಅಲಗು ಬರಬೇಕು. ಅದಕ್ಕೆ ಉಗುರುಬಿಗಿ ಅನ್ನುತ್ತೇವೆ. ಗೋಪಿನಾಥಂ ಕಡೆ ಮೀನು ಹಿಡಿಯುವವರ ಕೈ ಸದಾ ಒದ್ದೆ, ಉಗುರು ಜಾರುತ್ತದೆ. ಕೊಡವಿದರೆ ಬಿಚ್ಚಿಕೊಳ್ಳುವಂತಿರಲಿ ಅನ್ನುತ್ತಾರೆ. ಅಂಥ ಚಾಕನ್ನು ಅವರು ಮೈಮೇಲೆ ಇಟ್ಟುಕೊಳ್ಳುವುದಿಲ್ಲ, ತೆಪ್ಪದ ಬುಟ್ಟಿಯಲ್ಲಿ ಹಾಕಿರುತ್ತಾರೆ. ಆಡು ಕಾಯುವವರದು ಬೇರೆ. ಅವರು ಹಳ್ಳ ಹಾರಬೇಕು, ಬೇಲಿ ನುಸುಳಬೇಕು, ಚಾಕು ಸೊಂಟದಲ್ಲಿ ಇರಬೇಕು, ತಾನಾಗಿ ಬಾಯಿ ಬಿಡಬಾರದು. ಹಲ್ಲಿನಲ್ಲಿ ಕಚ್ಚಿ ಎಳೆದರೆ ಮಾತ್ರ ಬರುವ ಆ ಬಿಗಿಗೆ ಹಲ್ಲುಬಿಗಿ ಅಂತಲೇ ಹೆಸರು.

ಲೊಕ್ಕನಹಳ್ಳಿಯ ರಂಗಮ್ಮನದು ಹಲ್ಲುಬಿಗಿ ಚಾಕು.

ರಂಗಮ್ಮ ನನಗಿಂತ ಏಳೆಂಟು ವರ್ಷಕ್ಕೆ ಚಿಕ್ಕವಳು. ಅಜ್ಜೀಪುರಕ್ಕೆ ಕೊಟ್ಟಿದ್ದರು. ಗಂಡ ಇನ್ನೊಬ್ಬಳನ್ನು ಕರೆತಂದ ಮೇಲೆ ತವರಿಗೆ ಬಂದುಬಿಟ್ಟಳು. ಅಣ್ಣ ಎರಡು ಹೆಣ್ಣಾಡು ಕೊಟ್ಟು, ನಿನ್ನ ಹೊಟ್ಟೆ ನೀನೇ ನೋಡಿಕೋ ಅಂದನಂತೆ. ಅವನು ಸಿಟ್ಟಿನಲ್ಲಿ ಅಂದದ್ದಲ್ಲ. ತಂಗಿ ಒಂದು ಮುದ್ದೆ ಉಣ್ಣುವಾಗಲೂ ಅತ್ತಿಗೆಯ ಮುಖ ನೋಡುವ ಹಾಗಾಗಬಾರದು ಎಂದು ಅಂದದ್ದು. ಆ ಎರಡು ಆಡೇ ಮರಿ ಹಾಕಿ ಮರಿ ಹಾಕಿ ಮಂದೆಯಾಯಿತು. ಮಾರಿದಳು, ಸಾಕಿದಳು, ಅಣ್ಣನ ಮಗ ಮಾದೇಶನ ಮದುವೆಗೂ ಅದರಲ್ಲೇ ಕೈಜೋಡಿಸಿದಳು. ಅಣ್ಣ ತೀರಿಕೊಂಡ ಮೇಲೂ ಅವಳ ದಿನ ಹಾಗೇ ನಡೆಯಿತು. ಬೆಳಿಗ್ಗೆ ಕಾಡಿನ ಅಂಚಿಗೆ ಹೋಗುವುದು, ಹೊತ್ತು ಇಳಿದಾಗ ಬರುವುದು.

ಅವಳು ಮೊದಲ ಸಲ ಹನೂರಿನ ನಮ್ಮ ಕುಲುಮೆಗೆ ಬಂದಾಗ ಕುಂಟುತ್ತಿದ್ದಳು. ಯಾವುದೋ ಸಂತೆಯಲ್ಲಿ ತೆಗೆದುಕೊಂಡ ಸಡಿಲ ಚಾಕು ಹಳ್ಳ ಹಾರುವಾಗ ಸೊಂಟದ ಚೀಲದಲ್ಲೇ ಬಿಚ್ಚಿಕೊಂಡು ತೊಡೆಯನ್ನು ಸೀಳಿತ್ತು. ಅರಿಸಿನದ ಬಟ್ಟೆ ಕಟ್ಟಿಕೊಂಡು ಬಂದು ಬಾಗಿಲಲ್ಲಿ ನಿಂತಳು.

"ಆಚಾರ್ರೆ, ನಂಗೊಂದು ಚಾಕು ಬೇಕು. ನಾನು ಕೇಳ್ದೆ ಅದು ಬಾಯಿ ಬುಡಬಾರ್ದು."

ಯಜಮಾನರು ತಲೆ ಎತ್ತದೆ, "ನಿನ್ ಗಂಡುನ್ನೂ ನನ್ ಕೈಲೇ ಮಾಡಿಸ್ಬೇಕಿತ್ತು ಕಣವ್ವ" ಅಂದರು. ಅವಳ ಕತೆ ಅಷ್ಟು ಹೊತ್ತಿಗೆ ಈ ಸೀಮೆಗೆಲ್ಲ ಗೊತ್ತಿತ್ತು. ಅವಳಿಗೆ ಎಲ್ಲಿ ನೋವಾಗುತ್ತದೋ ಎಂದು ನಾನು ತಿದಿ ಒತ್ತುವುದು ನಿಲ್ಲಿಸಿದೆ.

"ಆ ಮೊಳೆ ನಿಮ್ ಸುತ್ತಿಗೆಗೂ ಬಗ್ತಿರ್ಲಿಲ್ಲ ಬುಡಿ" ಅಂದಳು ಅವಳು. ಮೂವರೂ ನಕ್ಕೆವು.

ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಾ ಕಡಿದು ಅಲಗು ಮಾಡಿದರು. ಹುಣಸೆಮರದ ಗಟ್ಟಿ ಚೇಗಿನ ಹಿಡಿ ಹಾಕಿದರು. ಮೊಳೆ ತಟ್ಟಿ ತಟ್ಟಿ ಅವಳ ಕೈಗೆ ಕೊಡುವುದು, ಅವಳು ಕುಲುಮೆಯ ಮುಂದೆ ಒಂದು ಸಲ ಎಗರಿ ನೋಡಿ "ಇನ್ನ ವಸಿ" ಅನ್ನುವುದು, ಇದೇ ಆಯಿತು. ಕೊನೆಗೆ ಅವಳ ಹೆಬ್ಬೆರಳಿನ ಉಗುರಿಗೂ ಬಗ್ಗದಷ್ಟು ಬಿಗಿಯಾಯಿತು. ಆಗ ಅಲಗಿನ ಬೆನ್ನನ್ನು ಮುಂದಿನ ಹಲ್ಲಿನಲ್ಲಿ ಕಚ್ಚಿ, ಹಿಡಿಯನ್ನು ಕೆಳಕ್ಕೆ ಎಳೆದಳು. ಬಂತು. "ಆಯ್ತು ಬುಡಿ, ಇದೇ ನನ್ ಬಿಗಿ" ಅಂದಳು.

ಒಂದು ಕೈಯಲ್ಲಿ ಬಿಚ್ಚುವುದು ಅವಳಿಗೆ ಬೇಕೇ ಬೇಕಿತ್ತು. ಆಡಿನ ಗೊರಸಿನ ಮುಳ್ಳು ತೆಗೆಯುವಾಗ ಇನ್ನೊಂದು ಕೈ ಅದರ ಕಾಲು ಹಿಡಿದಿರುತ್ತದೆ. ಕೊರಳ ಹಗ್ಗ ಪೊದೆಗೆ ಸಿಕ್ಕಿಕೊಂಡು ಆಡು ಒದ್ದಾಡುವಾಗ ಇನ್ನೊಂದು ಕೈ ಅದರ ಕೊಂಬು ಹಿಡಿದಿರುತ್ತದೆ. ಆಗೆಲ್ಲ ಅವಳ ಹಲ್ಲೇ ಅವಳ ಎರಡನೇ ಕೈ.

ಯಜಮಾನರು ತೀರಿಕೊಂಡ ಮೇಲೆ ನಾನು ಬೆಂಕಿಯ ಕೆಲಸ ಬಿಟ್ಟೆ. ಸಾಣೆ ಹಿಡಿಯುವುದು, ಹಿಡಿ ಹಾಕುವುದು, ಮೊಳೆ ತಟ್ಟುವುದು, ಇಷ್ಟನ್ನು ಉಳಿಸಿಕೊಂಡೆ. ರಾಗಿ ಕಣ ಮುಗಿದ ಮೇಲೆ ರಂಗಮ್ಮ ತಪ್ಪದೆ ಬರುತ್ತಿದ್ದಳು. ವರ್ಷವಿಡೀ ಬಿಚ್ಚಿ ಮಡಿಸಿ ಮೊಳೆ ಸವೆದಿರುತ್ತಿತ್ತು. ನಾನು ತಟ್ಟುತ್ತಿದ್ದೆ, ಅವಳು ಕಚ್ಚಿ ನೋಡುತ್ತಿದ್ದಳು. ಯಾವಾಗಲೋ ಒಂದು ವರ್ಷ ಕಚ್ಚುವಾಗ ಬಾಯಿ ಸೊಟ್ಟ ಮಾಡಿ ಪಕ್ಕದ ಹಲ್ಲು ಕೊಟ್ಟದ್ದನ್ನು ನೋಡಿದೆ. ಮುಂದಿನ ಹಲ್ಲು ಹೋಗಿತ್ತು. ಮತ್ತೆರಡು ವರ್ಷಕ್ಕೆ ಪಕ್ಕದ್ದೂ ಹೋಯಿತು.

"ಹಲ್ಲು ಕಟ್ಟಿಸ್ಕಬಾರ್ದೇನೆ ರಂಗಿ?"

"ಕಟ್ಟಿಸ್ಕಂಡೆ ಕಣಕ್ಕ. ಅದ್ರಲ್ಲಿ ಚಾಕು ಕಚ್ಚುದ್ರೆ ಚಾಕು ಅಲ್ಲೇ ಇರ್ತದೆ, ಹಲ್ಲು ಕೈಗೆ ಬತ್ತದೆ."

ಹೋದ ವರ್ಷದ ಸುಗ್ಗಿಗೆ ಮುಂಚೆ ಲೊಕ್ಕನಹಳ್ಳಿಯ ಕಾಡಂಚಿನಲ್ಲಿ ಆನೆ ಇಳಿಯಿತು. ರಂಗಮ್ಮ ಆಡುಗಳನ್ನು ಅಟ್ಟಿಕೊಂಡು ಓಡುವಾಗ ಹಳ್ಳಕ್ಕೆ ಬಿದ್ದಳು. ಮಾದೇಶ ಅವಳನ್ನು ಬೆನ್ನ ಮೇಲೆ ಹೊತ್ತು ರಸ್ತೆಗೆ ತಂದು, ತನ್ನ ಲಗೇಜು ಆಟೋದಲ್ಲೇ ಕೊಳ್ಳೇಗಾಲದ ಆಸ್ಪತ್ರೆಗೆ ಕರೆದುಕೊಂಡು ಹೋದ. ಮಂಡಿ ಊದಿತ್ತು, ಮೂಳೆ ಮುರಿದಿರಲಿಲ್ಲ. ಮನೆಗೆ ಬಂದ ಮೇಲೆ ಅವನು, "ಅತ್ತೆ, ಇನ್ ಸಾಕು. ಆಡ್ನೆಲ್ಲ ಕೊಟ್ಬುಡಾವ" ಅಂದ. ಅವನ ಹೆಂಡತಿ ಯಶೋದಳೂ ಅದನ್ನೇ ಅಂದಳು. ರಂಗಮ್ಮ ಚಾಕನ್ನು ಚೀಲದಿಂದ ತೆಗೆದು ಇಬ್ಬರ ಮುಂದೆ ಇಟ್ಟಳು.

"ನನ್ ಚಾಕ್ನ ನಾನೇ ಬಿಚ್ಚಾ ಗಂಟ ಆಡು ನಂದು. ಬಿಚ್ಚಾಕಾಗ್ದ ದಿನ ನಾನೇ ಯೋಳ್ತೀನಿ, ಅಟ್ಕಂಡೋಗು."

ಮಾದೇಶ ಒಪ್ಪಿದ. ಅಂದು ಅವಳು ಅವರ ಮುಂದೆಯೇ ಹೆಬ್ಬೆರಳಿನ ಉಗುರು ಕೊಟ್ಟು ಬಿಚ್ಚಿ ತೋರಿಸಿದಳು. ಉಗುರು ಅರ್ಧಕ್ಕೆ ಸೀಳಿತು. ಅದನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

ಉಗುರಿನ ಸಂಗತಿ ಅವಳೇ ಆಮೇಲೆ ಹೇಳಿದ್ದು, ಉಳಿದದ್ದೆಲ್ಲ ನನಗೆ ಗೊತ್ತಾದದ್ದು ಮಾದೇಶನಿಂದ. ಈ ವರ್ಷ ಮುಂಗಾರು ಹಿಡಿಯುವ ಮೊದಲು ಅವನು ಟೊಮೆಟೊ ಹೇರಿಕೊಂಡು ಹನೂರಿಗೆ ಬಂದವನು ನನ್ನಲ್ಲಿಗೆ ಬಂದ.

"ದೊಡ್ಡವ್ವ, ಅತ್ತೆ ಇದ್ಕೆ ಸಾಣೆ ಇಡಿಸ್ಕಂಡು ಬಾ ಅಂತು."

ಸಾಣೆ ಹಿಡಿದು ಕೊಟ್ಟೆ. ಅವನು ತೆಗೆದುಕೊಳ್ಳಲಿಲ್ಲ. ಕೈಯೊರೆಸಿಕೊಂಡು ನಿಂತೇ ಇದ್ದ.

"ಏನ್ಲಾ?"

"ಮೊಳೆ ವಸಿ ತಟ್ಬುಡು."

"ಸಡ್ಲ ಆಗಿಲ್ವಲ್ಲೋ."

"ಆಗಿಲ್ಲ. ಅದ್ಕೇ ಕೇಳ್ತಾವ್ನಿ."

ಆಗ ಮಾತು ಕೊಟ್ಟ ಕತೆ ಹೇಳಿದ. ಹೇಳುತ್ತ ಹೇಳುತ್ತ ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂತ.

"ಆನೆ ಈಗ ತಿಂಗ್ಳೊಪ್ಪತ್ತಿಗೂ ಬತ್ತದೆ ದೊಡ್ಡವ್ವ. ಅತ್ತೆಗೆ ಕಿವಿ ಮಂದ ಆಗದೆ, ಮಂಡಿ ಬಗ್ಗಾಕಿಲ್ಲ. ಎದುರಿಗೆ ಬಂದ್ರೆ ಓಡಾಕೂ ಆಗಾಕಿಲ್ಲ. ನಾನು ಆಟೋ ಓಡಿಸ್ತಾ ಇರ್ತೀನಿ, ಯಾವಾಗ ಫೋನು ಬಂದ್ರೂ ಎದೆ ದಸಕ್ ಅಂತದೆ. ಬಾಯ್ಮಾತು ಯಾರ್ದೂ ಕೇಳಾಕಿಲ್ಲ ಅದು. ಈ ಮೊಳೆ ಮಾತು ಮಾತ್ರ ಕೇಳ್ತದೆ."

"ಚಾಕು ಯಾರ್ದಪ್ಪ?"

"ಅತ್ತೇದು."

"ಹಂಗಾದ್ರೆ ಅತ್ತೆ ಬಂದು ಯೋಳ್ಲಿ."

"ಆನೆ ತುಳುದ್ರೆ ನಿಂಗೇನೂ ಅನ್ಸಾಕಿಲ್ವಾ?"

ಆ ಮಾತು ನನಗೆ ನಾಟಿತು. ಅವನು ಕೆಟ್ಟವನಲ್ಲ. ಅತ್ತೆಯನ್ನು ಮನೆಯಲ್ಲಿ ಕೂರಿಸಿ ಉಣ್ಣಿಸಬೇಕು ಅನ್ನುವ ಗಂಡಸರು ಎಷ್ಟು ಜನ ಇದ್ದಾರೆ? ಆದರೂ ಒಬ್ಬರ ಚಾಕಿನ ಮೊಳೆಯನ್ನು ಅವರಿಗೆ ತಿಳಿಯದೆ ತಟ್ಟುವುದು ನಮ್ಮ ಕುಲುಮೆಯಲ್ಲಿ ಇಲ್ಲ. ಬಿಗಿ ಬದಲಾದದ್ದು ತಿಳಿಯದೆ ಹಳೆಯ ಅಂದಾಜಿನಲ್ಲಿ ಎಳೆದರೆ ಬೆರಳು ಹೋಗುತ್ತದೆ. ಅದನ್ನೇ ಅವನಿಗೆ ಹೇಳಿದೆ. ಅವನು ಚಾಕು ಜೇಬಿಗೆ ಹಾಕಿಕೊಂಡು, "ಆಯ್ತು ಬುಡು" ಎಂದು ಎದ್ದು ಹೋದ.

ಅದೇ ವಾರ ರಂಗಮ್ಮ ಬಂದಳು. ಬಸ್ಸು ಇಳಿದು ನಮ್ಮ ಬೀದಿಯ ತುದಿಯಿಂದ ನನ್ನ ಬಾಗಿಲಿಗೆ ಬರುವಷ್ಟರಲ್ಲಿ ಎರಡು ಕಡೆ ಜಗಲಿ ಹಿಡಿದು ನಿಂತಳು. ನೀರು ಕೊಟ್ಟೆ. ಕುಡಿದು, ಚಾಕು ತೆಗೆದು ನನ್ನ ಮಡಿಲಿಗೆ ಹಾಕಿದಳು.

"ಮಾದೇಶ ಬಿಗಿ ಮಾಡ್ಸಾಕೆ ಬಂದಿದ್ನಾ?"

"ಯಾರ್ ಯೋಳುದ್ರೆ?"

"ಯಾರೂ ಇಲ್ಲ. ಸಾಣೆ ಇಡಿಸ್ಕಂಡು ಬಂದು ಕೊಡುವಾಗ ಮೊಕ ನೋಡ್ಲಿಲ್ಲ ಅವ್ನು. ನೀನು ತಟ್ಲಿಲ್ಲ, ಅದೂ ಗೊತ್ತಾಯ್ತು." ಬಲಗೈ ಮುಂದೆ ಚಾಚಿ, "ಈಗ ನಾನು ಕೇಳ್ತೀನಿ. ಸಡ್ಲ ಮಾಡು" ಅಂದಳು.

ಅವಳ ಬಲಗೈ ಹಿಡಿದು ನೋಡಿದೆ. ಹೆಬ್ಬೆರಳಿನ ಗೆಣ್ಣು ಅಡಿಕೆ ಇಟ್ಟಂತೆ ಊದಿತ್ತು. ಉಗುರು ಬುಡದ ತನಕ ಸೀಳಿ ಕಪ್ಪಾಗಿತ್ತು.

"ಮಾತು ಕೊಟ್ಟಿದ್ದೀಯಲ್ಲೆ ಅವ್ರಿಗೆ."

"ಬಿಚ್ತೀನಿ ಅಂತ ಕೊಟ್ಟಿವ್ನಿ. ಬಿಚ್ತೀನಲ್ಲ."

ಹೀಗಂದಾಗ ಅವಳು ನಗಲಿಲ್ಲ. ಆಮೇಲೆ ತಾನೇ ಹೇಳಿದಳು. ಹಿಂದಿನ ವಾರ ಒಂದು ಮರಿಯ ಕೊರಳ ಹಗ್ಗ ಕಾಡೆಲ್ಲ ಹಬ್ಬಿರುವ ರೋಜದ ಮುಳ್ಳುಪೊದೆಗೆ ಸುತ್ತಿಕೊಂಡಿತ್ತಂತೆ. ಎಳೆದಷ್ಟೂ ಬಿಗಿದು ಮರಿಯ ನಾಲಗೆ ಹೊರಗೆ ಬಂತು. ಇವಳು ಉಗುರು ಕೊಟ್ಟಳು, ಬರಲಿಲ್ಲ. ಬರೀ ವಸಡಿನಲ್ಲಿ ಕಚ್ಚಿದಳು, ಬಾಯಲ್ಲಿ ರಕ್ತ ಬಂತು, ಚಾಕು ಬರಲಿಲ್ಲ. ಸೌದೆಗೆ ಬಂದಿದ್ದ ಯಾರೋ ಹೆಂಗಸು ಕೂಗು ಕೇಳಿ ಬಂದು ಚಾಕು ಬಿಚ್ಚಿ ಹಗ್ಗ ಕುಯ್ದಳು. ಮರಿ ಉಳಿಯಿತು. ಮನೆಯಲ್ಲಿ ಹೇಳಿಲ್ಲ.

"ಆಡು ಕೊಟ್ಬುಟ್ರೆ ಬೆಳಿಗ್ಗೆ ಎದ್ದು ಏನ್ ಮಾಡ್ಲಕ್ಕ ನಾನು? ಯಶೋದ ಒಳ್ಳೇಳು. ಮುದ್ದೆ ಇಕ್ತಾಳೆ. ನಾನು ಅದ್ನ ಉಣ್ತಾ ಕೂತಿರ್ಬೇಕಾ?"

ನಾನು ಎರಡು ತೊಟ್ಟು ಹರಳೆಣ್ಣೆ ಬಿಟ್ಟು, ಮೊಳೆಯನ್ನು ಹಿಂದಿನಿಂದ ಮೆಲ್ಲಗೆ ತಟ್ಟಿ, ಬಿಚ್ಚಿ ಮಡಿಸಿ ಮಾಡಿದೆ. ಅವಳ ಬೆರಳಿಗೆ ಬರುವ ತನಕ ಸಡಿಲಿಸಿದೆ. ಹೆಬ್ಬೆರಳಿನ ಬದಿಯಲ್ಲಿ ನೂಕಿದಳು, ಅಲಗು ಬಂತು. ಇನ್ನೊಂದು ಸಲ ನೂಕಿದಳು. ಇಷ್ಟು ಸಲೀಸಾಗಿ ಅದು ಬಂದದ್ದು ಅವಳಿಗೆ ಹಿಡಿಸಿದಂತೆ ಕಾಣಲಿಲ್ಲ. ಆದರೂ ಸೊಂಟದ ಚೀಲಕ್ಕೆ ಹಾಕಿಕೊಂಡು ಹೋದಳು. ನನಗೂ ಸಮಾಧಾನವಿರಲಿಲ್ಲ. ಅವಳ ತೊಡೆಯ ಗಾಯವನ್ನು ಅಂದು ನೋಡಿದವಳು ನಾನು. ಆದರೆ ಚಾಕು ಅವಳದು, ಕೇಳಿದವಳು ಅವಳು.

ಹದಿನೈದು ದಿನವಾಗಿರಬೇಕು, ಮತ್ತೆ ಬಂದಳು. ಈ ಸಲ ಮಾದೇಶನ ಆಟೋದಲ್ಲಿ ಬಂದಿದ್ದಳು. ಅವನು ತರಕಾರಿ ಮಂಡಿಗೆ ಮಾಲು ಇಳಿಸಲು ಹೋಗಿದ್ದ.

"ಏನಾಯ್ತೇ?"

ಸೊಂಟದ ಚೀಲ ತೋರಿಸಿದಳು. ತಳ ಸೀಳಿತ್ತು. ಮರಿಯನ್ನು ಎತ್ತಲು ಬಗ್ಗಿದಾಗ ಒಳಗೇ ಬಿಚ್ಚಿಕೊಂಡಿತ್ತಂತೆ. ಮೈಗೆ ತಾಗಲಿಲ್ಲ, ಎತ್ತಿಕೊಂಡಿದ್ದ ಮರಿಯ ಕಿವಿ ಹರಿಯಿತು. ಅಂದಿನಿಂದ ನಡೆಯುವಾಗೆಲ್ಲ ಒಂದು ಕೈ ಚೀಲದ ಮೇಲೇ ಇಟ್ಟುಕೊಳ್ಳುತ್ತಾಳಂತೆ. ಇನ್ನೊಂದು ಕೈಯಲ್ಲಿ ಕೋಲು.

"ಆಡ್ ಹಿಡಿಯಾಕೆ ಮೂರ್ನೇ ಕೈ ಎಲ್ಲಿಂದ ತರ್ಲಿ? ದಾರ ಸುತ್ತಿ ಇಟ್ಕಂಡೆ. ಬೇಕಾದಾಗ ದಾರ ಬಿಚ್ಚಾಕೂ ಹಲ್ಲೇ ಬೇಕು."

"ಒರೆ ಹಾಕೋ ಕತ್ತಿ ಕೊಡ್ತೀನಿ ತಗಾ. ಬಿಚ್ಚೋದೂ ಇಲ್ಲ ಮಡ್ಸೋದೂ ಇಲ್ಲ."

"ಮಾತು ಕೊಟ್ಟಿರೋದು ಈ ಚಾಕ್ ಮೇಲೆ ಕಣಕ್ಕ."

"ಹಂಗಾದ್ರೆ ಬಾ, ನಡುವೆ ಎಲ್ಲಾದ್ರೂ ನಿಲ್ತದಾ ನೋಡಾವ."

ಹಲ್ಲುಬಿಗಿಗೂ ಸಡಿಲಕ್ಕೂ ನಡುವೆ ಜಾಗ ಇದ್ದೇ ಇರುತ್ತದೆ. ಮಗ್ಗದವರ ಚಾಕು ಅಲ್ಲೇ ನಿಲ್ಲುವುದು. ಅವಳನ್ನು ಎದುರಿಗೆ ಕೂರಿಸಿಕೊಂಡೆ. ಅಡಿಗಲ್ಲಿನ ಮೇಲೆ ಚಾಕು ಇಟ್ಟು ಒಂದು ಸಲ ತಟ್ಟಿದೆ. ಮಡಿಸಿ, ತಲೆಕೆಳಗೆ ಮಾಡಿ ಕೊಡವಿದೆ. ಅಲಗು ಜಾರಿ ಹೊರಬಂತು. ಇನ್ನೊಂದು ತಟ್ಟಿದೆ. ಕೊಡವಿದೆ, ಬಂತು. ಅವಳಿಗೆ ಕೊಟ್ಟೆ, ಅವಳ ಬೆರಳಿಗೂ ಬಂತು. ಇನ್ನೊಂದು, ಸುತ್ತಿಗೆಯ ಭಾರ ಮಾತ್ರ ಬೀಳುವಷ್ಟು. ಕೊಡವಿದರೆ ಅಲಗಿನ ತುದಿ ಅಕ್ಕಿಕಾಳಿನಷ್ಟು ಇಣುಕಿತು. ಅವಳು ಹಲ್ಲಿಲ್ಲದ ಬಾಯಿ ಬಿಗಿದು ನೂಕಿದಳು. ಅರ್ಧಕ್ಕೆ ಬಂದು ನಿಂತಿತು. ಇನ್ನೊಂದು ತಟ್ಟಿದೆ. ಈಗ ಕೊಡವಿದರೆ ಅಲ್ಲಾಡಲಿಲ್ಲ. ಅವಳಿಗೆ ಕೊಟ್ಟೆ. ನೂಕಿದಳು. ಎಡಗೈ ಸೇರಿಸಿದಳು. ಬೆರಳು ಬೆಳ್ಳಗಾಯಿತು. ಬರಲಿಲ್ಲ.

ಎಣ್ಣೆ ಹಾಕಿ ಹಿಂದಕ್ಕೆ ತಂದೆ. ಮತ್ತೆ ಮುಂದಕ್ಕೆ ಹೋದೆ. ಯಜಮಾನರ ಕಾಲದಿಂದ ಎಷ್ಟೋ ಮೊಳೆ ತಟ್ಟಿದ್ದೇನೆ, ಇಷ್ಟು ನಿಧಾನವಾಗಿ ಯಾವುದನ್ನೂ ತಟ್ಟಿರಲಿಲ್ಲ. ನನ್ನ ಬೆನ್ನು ಹಿಡಿದುಕೊಂಡಿತು. ಚಾಕು ನಿಂತರೆ ಅವಳ ಕೈಗೆ ಬರುವುದಿಲ್ಲ, ಅವಳ ಕೈಗೆ ಬಂದರೆ ಚಾಕು ನಿಲ್ಲುವುದಿಲ್ಲ. ಬೇರೆ ಯಾರ ಕೈಗಾದರೂ ಇರುವ ನಡುವಿನ ಜಾಗ ಅವಳ ಕೈಗೆ ಉಳಿದಿರಲಿಲ್ಲ. ಅದನ್ನು ನಾನು ಬಾಯಿಬಿಟ್ಟು ಹೇಳಬೇಕಾಗಲಿಲ್ಲ.

"ಸುತ್ಗೆ ಮಡ್ಗಕ್ಕ" ಅಂದಳು.

ಸುತ್ತಿಗೆ ಕೆಳಗಿಟ್ಟೆ. ಬೀದಿಯಲ್ಲಿ ಯಾವುದೋ ಗಾಡಿ ಹಿಂದಕ್ಕೂ ಮುಂದಕ್ಕೂ ಹೋಗುತ್ತ ಹಾರನ್ನು ಹೊಡೆಯುತ್ತಿತ್ತು.

"ಮೊದ್ಲಿನಂಗೆ ಮಾಡ್ಬುಡು."

"ಹಲ್ಲುಬಿಗಿನಾ?"

"ಊಂ."

"ಸಡ್ಲನೇ ಇಟ್ಕ. ಹೋಗುವಾಗ ಹುಷಾರಾಗಿರು. ಮಾದೇಶನ ಮುಂದೆ ಬಿಚ್ಚಿ ತೋರ್ಸು, ಅಷ್ಟೇ ತಾನೆ ಅವ್ನು ಕೇಳಿರೋದು."

ಇದನ್ನು ನಾನೇ ಅಂದೆ. ಅವಳು ತಲೆ ಆಡಿಸಿದಳು.

"ಅವ್ನಿಗೆ ತೋರಿಸ್ಬೋದು. ಮರಿ ಕಿವಿ ಹರುದ್ನಲ್ಲ, ಅದು ಮಾತಾಡ್ಲಿಲ್ಲ, ನನ್ ಮೊಕನೇ ನೋಡ್ತು. ನಾಳೆ ಇನ್ನೊಂದ್ರ ಹೊಟ್ಟೆಗೆ ಆದ್ರೆ? ಬಿಗಿ ಮಾಡಕ್ಕ."

ಮಾಡಿದೆ. ಮಾಡುತ್ತಿರುವಾಗಲೇ ಮಾದೇಶ ಬಂದ. ಕೈಯಲ್ಲಿ ಅತ್ತೆಗೆಂದು ಬನ್ನಿನ ಪೊಟ್ಟಣ ಇತ್ತು. ರಂಗಮ್ಮ ಚಾಕನ್ನು ನನ್ನ ಕೈಯಿಂದ ತೆಗೆದುಕೊಂಡು ಅವನೆದುರಿಗೆ ಹೆಬ್ಬೆರಳು ಕೊಟ್ಟಳು. ನೂಕಿದಳು. ಅವನು ನೋಡುತ್ತ ನಿಂತ. ಬರುವುದಿಲ್ಲ ಎಂದು ಅವಳಿಗೂ ನನಗೂ ಗೊತ್ತಿತ್ತು. ಆದರೂ ಅವಳು ಕಳ್ಳಾಟ ಆಡದೆ, ಇದ್ದ ಶಕ್ತಿಯನ್ನೆಲ್ಲ ಹಾಕಿ ನೂಕಿದಳು. ಆಮೇಲೆ ಅವನ ಕೈಗೆ ಕೊಟ್ಟಳು.

"ಬಿಚ್ಚು."

ಅವನು ಉಗುರು ಕೊಟ್ಟು ಎಳೆದ. ಎರಡನೇ ಸಲಕ್ಕೆ ಬಂತು. ಬೆರಳು ಕೊಡವಿಕೊಂಡು, "ಇದೇನತ್ತೆ ಈ ಪಾಟಿ ಬಿಗಿ? ಇದ್ನ ನೀನು ಹೆಂಗ್ ಬಿಚ್ತಿದ್ದೆ?" ಅಂದ.

"ಬಿಚ್ತಿದ್ದೆ" ಅಂದಳು. "ಈಗ ಆಗಾಕಿಲ್ಲ. ಯೋಳ್ತೀನಿ ಅಂದಿದ್ನಲ್ಲ, ಯೋಳ್ದೆ. ಅಟ್ಕಂಡೋಗು."

ಅವನು ಬೇಡಿಕೊಂಡದ್ದೇ ಅದು. ಆದರೆ ಅವನ ಮುಖದಲ್ಲಿ ಗೆದ್ದವನ ಕಳೆ ಇರಲಿಲ್ಲ. ಚಾಕು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದ. ನನ್ನ ಕಡೆ ನೋಡಿದ. ನಾನು ತಟ್ಟಿದ್ದು ಯಾರ ಮಾತಿಗೆ ಎಂದು ಅವನಿಗೆ ಅನುಮಾನ ಬಂದಿರಬೇಕು.

"ಅತ್ತೆನೇ ಯೋಳುದ್ದು ಕಣಪ್ಪ" ಅಂದೆ.

"ಎಲ್ಡು ಆಡು ಮನೆ ಹತ್ರ ಇರ್ಲಿ ಅತ್ತೆ. ಹಿತ್ಲಲ್ಲಿ ಕಟ್ಕ. ನಾನು ಸೊಪ್ಪು ತಂದಾಕ್ತೀನಿ."

"ಬ್ಯಾಡ ಕಣ್ಲಾ. ಕಟ್ಟಾಕಿದ್ ಆಡು ದಿನಾ ಕಿರುಸ್ತದೆ. ನಂಗೆ ಕೇಳಾಕಾಗಾಕಿಲ್ಲ."

"ಕಿವಿ ಮಂದ ಅಲ್ವಾ ನಿಂಗೆ?"

"ಅದೊಂದು ಕೇಳುಸ್ತದೆ."

ಅವನು ನಕ್ಕ, ಅವಳೂ ನಕ್ಕಳು. ಆಮೇಲೆ ಅವನು ಅವಳ ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿ ಆಟೋ ಹತ್ತಿಸಿದ. ಬನ್ನಿನ ಪೊಟ್ಟಣ ನನ್ನ ಜಗಲಿಯ ಮೇಲೇ ಉಳಿಯಿತು.

ಆಡುಗಳನ್ನು ಅಜ್ಜೀಪುರದವರೊಬ್ಬರು ಕೊಂಡು, ಹೊಡೆದುಕೊಂಡು ಹೋದರಂತೆ. ಗಂಡನ ಊರಿಗೇ ಹೋದವಲ್ಲ ಎಂದು ಅವಳನ್ನು ಕೇಳಿದವರಿದ್ದಾರೆ. "ಅವಾದ್ರೂ ಬಾಳ್ಲಿ ಅಲ್ಲಿ" ಅಂದಳಂತೆ. ಹೊಡೆದುಕೊಂಡು ಹೋಗುವ ದಿನ ಹೊರಗೆ ಬರಲಿಲ್ಲ. ಯಶೋದ ಒಳಗೆ ಹೋಗಿ ನೋಡಿದರೆ ಗೋಡೆಗೆ ತಿರುಗಿ ಮಲಗಿದ್ದಳಂತೆ. ನಿದ್ದೆ ಬಂದಿತ್ತೋ ಇಲ್ಲವೋ, ಕರೆಯಲಿಲ್ಲ ಅಂದಳು.

ಈ ಮಳೆಗಾಲದಲ್ಲಿ ಎರಡು ಸಲ ಅವಳು ಬಿದ್ದಿದ್ದ ಹಳ್ಳದ ಬಳಿಯೇ ಆನೆ ನಿಂತಿತ್ತೆಂದು ಮಾದೇಶ ಹೇಳಿದ. ಹೇಳಿ, ನಾನು ಏನಾದರೂ ಅನ್ನಲಿ ಎಂದು ಕಾದ. ನೀನು ಅಂದದ್ದು ಸರಿಯಾಗಿತ್ತಪ್ಪ ಅಂದೆ. ಸರಿಯಾಗಿಯೇ ಇತ್ತು.

ಈಗ ರಂಗಮ್ಮ ಒಂದೊಂದು ದಿನ ಬೆಳಗಿನ ಬಸ್ಸಿಗೆ ಹನೂರಿಗೆ ಬರುತ್ತಾಳೆ. ಮನೆಯಲ್ಲಿ ಹೊತ್ತೇ ಹೋಗುವುದಿಲ್ಲ ಅನ್ನುತ್ತಾಳೆ. ನನ್ನ ಬಾಗಿಲಲ್ಲಿ, ಯಜಮಾನರ ಕಾಲದಿಂದ ಉಳಿದ ಇದ್ದಲಿನ ಮೂಟೆಗೆ ಒರಗಿ ಕೂರುತ್ತಾಳೆ. ಬಂದವರು ಹೋದವರನ್ನು ಮಾತಾಡಿಸುತ್ತಾಳೆ, ಯಾರ ಊರು, ಯಾರ ಮಗ ಎಂದು ಕೇಳುತ್ತಾಳೆ. ಸ್ವಲ್ಪ ಹೊತ್ತಿಗೆ ಮಾತು ನಿಲ್ಲುತ್ತದೆ. ನೋಡಿದರೆ ಕೂತಲ್ಲೇ ನಿದ್ದೆ ಹೋಗಿರುತ್ತಾಳೆ. ಇಷ್ಟು ವರ್ಷ ಹಗಲು ಹೊತ್ತು ಕಣ್ಣು ಮುಚ್ಚಿದವಳಲ್ಲ. ನಾನು ಸಾಣೆಯನ್ನು ನಿಲ್ಲಿಸುವುದಿಲ್ಲ, ನಿಲ್ಲಿಸಿದರೆ ಎಚ್ಚರವಾಗುತ್ತದೆ. ಲೊಕ್ಕನಹಳ್ಳಿ ಬಸ್ಸಿನ ಹೊತ್ತಾದಾಗ ಭುಜ ಮುಟ್ಟಿ ಎಬ್ಬಿಸುತ್ತೇನೆ.